ಎರಡು ಪುಟ್ಟ ಕತ್ತಿಗಳು

ತುಂಬಾ ದಿನದಿಂದ ಬ್ಲಾಗ್ ಕಡೆ ತಲೆಹಾಕಿರಲಿಲ್ಲ. ಕಾರಣ, ಜರ್ಮನ್ ಸೈನಿಕ ಪದಕಗಳ ಹುಚ್ಚು :)

ಆನ್‌ಸೈಟ್ ಕೆಲಸಕ್ಕೆ ಜರ್ಮನಿಗೆ ಹೋಗಿದ್ದಾಗ ಹಳೇ ಸಾಮಾನಿನ ಸಂತೆಯಲ್ಲಿ ಒಂದು ರಿಬ್ಬನ್ ಬಾರ್ ಕೊಂಡೆ. ಪದಕಗಳ ಬದಲು ಎದೆಗೆ ಸಿಕ್ಕಿಸಿಕೊಳ್ಳುವ ಬಣ್ಣದ ಪಟ್ಟಿಗಳ ಸಾಲು ಅದು. ಮೊದಲನೆಯದು ಕಪ್ಪು, ಎರಡು ಬಿಳಿ ಗೀಟು: 1914ರ ಐರನ್ ಕ್ರಾಸ್. ಎರಡನೆಯದರ ಮೇಲೆ ಪುಟ್ಟ ಕತ್ತಿಗಳು: ಮೊದಲ ಮಹಾಯುದ್ಧದಲ್ಲಿ ರಣರಂಗದಲ್ಲಿದ್ದವರಿಗೆಂದು ಅಧ್ಯಕ್ಷ ಹಿಂಡೆನ್‌ಬರ್ಗ್ 1934ರ ಜುಲೈ 13ರಂದು ಸ್ಥಾಪಿಸಿದ ಗೌರವ ಶಿಲುಬೆ. ಅಂದಮೇಲೆ ಈ ಬಾರ್ 1934ಕ್ಕಿಂತ ಹಳೆಯದಲ್ಲ. (ಕಪ್ಪು ಬಣ್ಣದ ಶಿಲುಬೆ ಮಡಿದವರ ಹೆಂಡತಿಗೆ, ಅಪ್ಪ ಅಮ್ಮನಿಗೆ.)

ಅರ್ಜಿ ಹಾಕಿದವರಿಗಷ್ಟೇ ಇದನ್ನು ಕೊಡುತ್ತಿದ್ದರು. ಹಾಗೆ ಪಡೆದವರಲ್ಲಿ ಸಾವಿರಾರು ಯೆಹೂದಿಗಳೂ ಇದ್ದರು! ಹಿಂಡೆನ್‌ಬರ್ಗ್ ಆಗಸ್ಟ್ 2ಕ್ಕೇ ತೀರಿಕೊಂಡಿದ್ದರಿಂದ ಅವರ ಪ್ರಮಾಣಪತ್ರಗಳೂ ಹಿಟ್ಲರನ ಹೆಸರಿನಲ್ಲೇ ಬಂದವು.

1942ರ ಜನವರಿಯ ವಾನ್ಸೀ ಸಭೆ, ಮೊದಲ ದರ್ಜೆಯ ಐರನ್ ಕ್ರಾಸ್ ಪಡೆದ ಯೆಹೂದಿಗಳನ್ನು ಥೆರೇಸಿಯನ್‌ಸ್ಟಾಟ್‌ಗೆ ಕಳಿಸಬೇಕೆಂದಿತು. ಅದು ರಿಯಾಯಿತಿಯಂತೆ. ಅಲ್ಲಿಂದಲೂ ಆಶ್ವಿಟ್ಸ್‌ಗೆ ರೈಲುಗಳು ಹೊರಟವು.

ಪದಕ ಸಂಗ್ರಹಿಸುವವರು ಮೊದಲು ಹಿಂದೆ ತಿರುಗಿಸಿ ತಯಾರಕರ ಗುರುತು ನೋಡ್ತಾರೆ. ನಾನೀಗ ಪ್ರಮಾಣಪತ್ರ ಇದೆಯಾ ಅಂತ ಕೇಳ್ತೀನಿ. ಅದರಲ್ಲಿ ಹೆಸರಿರುತ್ತೆ. ನನ್ನ ಬಾರ್‌ನಲ್ಲಿ ಇಲ್ಲ.