ಭೀಮೆಯ ದಂಡೆಯ ಸುಂಕದ ಗಡಿ

ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಕುಳಿತು ವಿದೇಶಿ ಸರಕು ತರಿಸಿ ಆನ್‌ಲೈನ್‌ನಲ್ಲಿ ಮಾರಹೊರಟವರಿಗೆ ಆಮದು-ರಫ್ತು ಕೋಡ್, ಜಿಎಸ್‌ಟಿ ನೋಂದಣಿ, ಕಸ್ಟಮ್ಸ್ ಲೆಕ್ಕ ಹೊಸ ಕಾಟವೆನಿಸಬಹುದು. ಈ ಸೀಮೆಗೆ ಅದು ಹೊಸದಲ್ಲ. ನಿಜಾಮರ ಕಾಲದಲ್ಲಿ ಇದು ಹೈದರಾಬಾದ್ ಸಂಸ್ಥಾನದ ಅಂಚು. ಆಚೆಯ ಇಂಡಿ, ಸಿಂದಗಿ, ಸೊಲ್ಲಾಪುರ ಬ್ರಿಟಿಷರ ಮುಂಬಯಿ ಪ್ರಾಂತ್ಯದಲ್ಲಿದ್ದವು. 1802ರ ವಾಣಿಜ್ಯ ಒಪ್ಪಂದ ಎರಡೂ ಕಡೆಯ ಸರಕಿಗೆ ಶೇ. 5ರ ಸುಂಕ ಗೊತ್ತುಮಾಡಿತ್ತು. ಸಂಸ್ಥಾನದಲ್ಲಿ ವಸೂಲಿಗೆ ಕರೋಡಗಿರಿ ಇಲಾಖೆಯೇ ಇತ್ತು. ಸೊಲ್ಲಾಪುರದ ಗಿರಣಿ ಬಟ್ಟೆಯೂ ಆಳಂದಕ್ಕೆ ಆಮದೇ! ನಾಣ್ಯವೂ ಬೇರೆ: 6 ಬ್ರಿಟಿಷ್ ರೂಪಾಯಿಗೆ ಸಂಸ್ಥಾನದ ಸುಮಾರು 7 ಹಾಲಿ ಸಿಕ್ಕಾ ರೂಪಾಯಿ. ಸುಂಕದ ಜೊತೆ ನಾಣ್ಯ ವಿನಿಮಯದ ವಟ್ಟವನ್ನೂ ವ್ಯಾಪಾರಿ ಬೆಲೆಯೊಳಗೆ ಸೇರಿಸಬೇಕಿತ್ತು.

ಅದು ಒಳನಾಡ ಸುಂಕ, ಇಂದಿನ ಆಮದಿಗೆ ಹೋಲಿಕೆ ಸಲ್ಲದು ಎನ್ನಬಹುದು. ಆಕ್ಷೇಪದಲ್ಲಿ ಹುರುಳಿದೆ. ಸಂವಿಧಾನದ 301ನೇ ವಿಧಿ ದೇಶದೊಳಗಿನ ವ್ಯಾಪಾರವನ್ನು ಮುಕ್ತಗೊಳಿಸಿತು; ಹೈದರಾಬಾದಿನಂಥ ರಾಜ್ಯಗಳ ಗಡಿಸುಂಕಕ್ಕೆ ತಾತ್ಕಾಲಿಕ ಅವಕಾಶ ಕೊಟ್ಟಿದ್ದ 306ನೇ ವಿಧಿ 1956ರಲ್ಲಿ ರದ್ದಾಯಿತು. ಆದರೆ ಸರಕಿನ ಮೌಲ್ಯ ಕಟ್ಟಿ ಶೇಕಡಾವಾರು ಎತ್ತುವ ಕ್ರಮ ಬಂದರು, ವಿಮಾನ ನಿಲ್ದಾಣಗಳಲ್ಲಿ ಹಾಗೇ ಇದೆ: 1962ರ ಕಸ್ಟಮ್ಸ್ ಕಾಯ್ದೆಯ ಸುಂಕ, ಅದನ್ನೂ ಸೇರಿಸಿದ ಮೊತ್ತದ ಮೇಲೆ 2017ರಿಂದ ಐಜಿಎಸ್‌ಟಿ. ನೋಂದಾಯಿತ ವ್ಯಾಪಾರಿ ಐಜಿಎಸ್‌ಟಿಯನ್ನು ಮಾರಾಟದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು. ಮೂಲ ಕಸ್ಟಮ್ಸ್ ಸುಂಕ ಮಾತ್ರ, ಕರೋಡಗಿರಿಯ ಕಾಲದಂತೆಯೇ, ಗಿರಾಕಿಯ ಬೆಲೆಗೆ ಸೇರುತ್ತದೆ.