ಎಳೆಯ ಮಕ್ಕಳಲ್ಲಿ ಬೊಜ್ಜು ತಡೆಗಟ್ಟುವಿಕೆ: ಪೋಷಕರಿಗೆ ಮಾಹಿತಿ

ದುಂಡಗಿರುವ ಮಗುವೇ ಆರೋಗ್ಯವಂತ ಮಗು ಎಂಬ ಭಾವನೆ ಬಹುಕಾಲದಿಂದ ರೂಢಿಯಲ್ಲಿದೆ. ಆದರೆ ಎತ್ತರಕ್ಕೆ ಮೀರಿದ ತೂಕವೂ ಅಪೌಷ್ಟಿಕತೆಯ ಒಂದು ರೂಪವೇ ಆಗಿರುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ 5 ವರ್ಷದೊಳಗಿನ ಮಕ್ಕಳಲ್ಲಿ ಅಧಿಕ ತೂಕವುಳ್ಳವರ ಪ್ರಮಾಣ 2015-16ರಲ್ಲಿ ಶೇ. 2.1 ಇದ್ದು, 2019-21ರಲ್ಲಿ ಶೇ. 3.4ಕ್ಕೆ ಏರಿದೆ. ಎಳವೆಯಲ್ಲಿ ಬಂದ ಬೊಜ್ಜು ದೊಡ್ಡವರಾದ ಮೇಲೂ ಉಳಿಯುವ ಸಂಭವವಿದ್ದು, ಮಧುಮೇಹ, ಅಧಿಕ ರಕ್ತದೊತ್ತಡ ಹಾಗೂ ಹೃದ್ರೋಗಗಳಿಗೆ ಕಾರಣವಾಗಬಹುದು.

ಗುರುತಿಸುವ ವಿಧಾನ

ಕಣ್ಣಂದಾಜಿನಿಂದಾಗಲಿ, ತೂಕವೊಂದರಿಂದಾಗಲಿ ಬೊಜ್ಜನ್ನು ನಿರ್ಧರಿಸಲಾಗದು. ತೂಕದೊಂದಿಗೆ ಎತ್ತರವನ್ನೂ (2 ವರ್ಷದೊಳಗಿನ ಮಕ್ಕಳನ್ನು ಮಲಗಿಸಿ ಉದ್ದವನ್ನು) ಅಳೆಯಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2006ರ ಬೆಳವಣಿಗೆ ಮಾನದಂಡದಂತೆ, ಎತ್ತರಕ್ಕೆ ತಕ್ಕ ತೂಕವು +2 ಗೆರೆಯನ್ನು ಮೀರಿದಲ್ಲಿ ಅಧಿಕ ತೂಕ, +3 ಗೆರೆಯನ್ನು ಮೀರಿದಲ್ಲಿ ಬೊಜ್ಜು ಎಂದು ಪರಿಗಣಿಸಲಾಗುತ್ತದೆ.

ಹುಟ್ಟಿನಿಂದ 6 ತಿಂಗಳವರೆಗೆ

1. ಹೆರಿಗೆಯಾದ 1 ಗಂಟೆಯೊಳಗೆ ಎದೆಹಾಲು ಪ್ರಾರಂಭಿಸುವುದು.
2. 6 ತಿಂಗಳು ತುಂಬುವವರೆಗೆ ಎದೆಹಾಲನ್ನು ಮಾತ್ರ ನೀಡುವುದು. ಸಕ್ಕರೆ ನೀರು, ಜೇನುತುಪ್ಪ ನೀಡಬಾರದು.

6 ತಿಂಗಳಿನಿಂದ 2 ವರ್ಷದವರೆಗೆ

1. ಎದೆಹಾಲಿನೊಂದಿಗೆ ರಾಗಿ ಸರಿ, ಬೇಳೆ-ಅನ್ನ, ಬೇಯಿಸಿ ಮಸೆದ ತರಕಾರಿ, ಹಣ್ಣು, ಮೊಟ್ಟೆ ಮುಂತಾದ ಮನೆಯ ಆಹಾರ ನೀಡುವುದು.
2. ಆಹಾರಕ್ಕೆ ಸಕ್ಕರೆ ಅಥವಾ ಬೆಲ್ಲ ಬೆರೆಸದಿರುವುದು. ಹಣ್ಣಿನ ರಸದ ಬದಲು ಹಣ್ಣನ್ನೇ ನೀಡುವುದು.
3. ಮಗು ಮುಖ ತಿರುಗಿಸಿದರೆ ಅಥವಾ ತುಟಿ ಬಿಗಿದರೆ ಹೊಟ್ಟೆ ತುಂಬಿತೆಂದು ತಿಳಿಯುವುದು. "ಇನ್ನೊಂದು ತುತ್ತು" ಎಂದು ಬಲವಂತಪಡಿಸಬಾರದು.

2 ವರ್ಷದಿಂದ 5 ವರ್ಷದವರೆಗೆ

1. ಬಿಸ್ಕತ್ತು, ಚಿಪ್ಸ್, ಚಾಕೊಲೇಟ್, ತಂಪು ಪಾನೀಯಗಳನ್ನು ಅಳು ನಿಲ್ಲಿಸಲು ಅಥವಾ ಬಹುಮಾನವಾಗಿ ಕೊಡಬಾರದು.
2. ದಿನಕ್ಕೆ ಒಟ್ಟು 3 ಗಂಟೆ ಓಡಾಟ ಹಾಗೂ ಆಟಕ್ಕೆ ಅವಕಾಶ ಕಲ್ಪಿಸುವುದು.
3. ಟಿ.ವಿ., ಮೊಬೈಲ್ ವೀಕ್ಷಣೆಯನ್ನು ದಿನಕ್ಕೆ 1 ಗಂಟೆಯೊಳಗೆ ಮಿತಿಗೊಳಿಸುವುದು. ಮೊಬೈಲ್ ತೋರಿಸುತ್ತಾ ಉಣಿಸಬಾರದು.
4. 3 ಮತ್ತು 4 ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆಗಳ ನಿದ್ರೆ ಅವಶ್ಯಕ.

ವಿಶೇಷ ಸೂಚನೆ

ತೂಕ ಹೆಚ್ಚಿದೆಯೆಂದು ಪೋಷಕರು ತಾವಾಗಿಯೇ ಮಗುವಿನ ಊಟ ಕಡಿತಗೊಳಿಸಬಾರದು, ಎದೆಹಾಲನ್ನು ನಿಲ್ಲಿಸಬಾರದು. ಬೆಳೆಯುವ ಮಗುವಿಗೆ ಪೌಷ್ಟಿಕ ಆಹಾರ ಅತ್ಯವಶ್ಯ. ಸಾಮಾನ್ಯವಾಗಿ ತೂಕ ಇಳಿಸುವುದು ಇಲ್ಲಿ ಗುರಿಯಲ್ಲ. ಎತ್ತರ ಹೆಚ್ಚಿದಂತೆ ತೂಕವು ಅದಕ್ಕೆ ಹೊಂದಿಕೊಳ್ಳುವಂತೆ ನೋಡಿಕೊಳ್ಳುವುದೇ ಗುರಿ. ಈ ಬಗ್ಗೆ ವೈದ್ಯರ ಸಲಹೆ ಪಡೆಯತಕ್ಕದ್ದು.

ಸೇವೆ ಪಡೆಯುವ ವಿಧಾನ

ಅಂಗನವಾಡಿ ಕೇಂದ್ರದಲ್ಲಿ ನಡೆಯುವ ತೂಕ-ಎತ್ತರ ಪರೀಕ್ಷೆಯು ಬಡಕಲು ಮಕ್ಕಳಿಗೆ ಮಾತ್ರ ಸೀಮಿತವಲ್ಲ. ಮಗು ಪುಷ್ಟವಾಗಿ ಕಂಡರೂ ತಾಯಿ ಕಾರ್ಡ್‌ನೊಂದಿಗೆ ತಪ್ಪದೆ ಕರೆದೊಯ್ದು ಅಳತೆಗಳನ್ನು ದಾಖಲಿಸಿಕೊಳ್ಳುವುದು. ಅಧಿಕ ತೂಕ ಕಂಡುಬಂದಲ್ಲಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಸಂಪರ್ಕಿಸಬಹುದಾಗಿದೆ. ಈ ಸೇವೆಗಳು ಉಚಿತವಾಗಿರುತ್ತವೆ.