ಯಜ್ಞವೇದಿಯಿಂದ ಅನಂತ ಶ್ರೇಣಿಯವರೆಗೆ: ಭಾರತೀಯ ಗಣಿತದಲ್ಲಿ ವೃತ್ತ

ನೆಲದಲ್ಲಿ ಗೂಟ ನೆಟ್ಟು, ಅದಕ್ಕೆ ಕಟ್ಟಿದ ಹಗ್ಗವನ್ನು ಬಿಗಿಹಿಡಿದು ಒಂದು ಸುತ್ತು ಬಂದರೆ ವೃತ್ತ ಮೂಡುತ್ತದೆ. ಕೇಂದ್ರದಿಂದ ಪರಿಧಿಯ ಪ್ರತಿ ಬಿಂದುವೂ ಸಮದೂರದಲ್ಲಿರಬೇಕು ಎಂಬ ವ್ಯಾಖ್ಯೆ ಈ ಕೆಲಸದಲ್ಲೇ ಅಡಗಿದೆ. ಭಾರತದಲ್ಲಿ ವೃತ್ತದ ಲೆಕ್ಕಾಚಾರ ವಿವರವಾಗಿ ಸಿಗುವುದು ಹೀಗೆ ಹಗ್ಗ ಹಿಡಿದು ವೇದಿ ಅಳೆಯುವವರಿಗಾಗಿ ರಚನೆಯಾದ ಶುಲ್ಬಸೂತ್ರಗಳಲ್ಲಿ. ಅವುಗಳಲ್ಲಿ ಹಳೆಯದೆಂದು ಎಣಿಸುವ ಬೌಧಾಯನನ ಸೂತ್ರ ಸುಮಾರು ಕ್ರಿ.ಪೂ. 800ರಿಂದ 500ರ ನಡುವಿನದು.

ಯಜ್ಞಶಾಲೆಯ ಮೂರು ಅಗ್ನಿವೇದಿಗಳಲ್ಲಿ ಸಾಮಾನ್ಯವಾಗಿ ಗಾರ್ಹಪತ್ಯ ದುಂಡಗೆ, ಆಹವನೀಯ ಚೌಕಾಕಾರ, ದಕ್ಷಿಣಾಗ್ನಿ ಅರ್ಧವೃತ್ತ. ಆಕಾರ ಬೇರೆಯಾದರೂ ವಿಸ್ತೀರ್ಣ ಒಂದೇ ಇರಬೇಕಿತ್ತು. ರಥಚಕ್ರದ ಆಕಾರದ ಇಟ್ಟಿಗೆ ವೇದಿಗೂ (ಚಿತಿ) ಗಿಡುಗನ ಆಕಾರದ ಶ್ಯೇನಚಿತಿಯಷ್ಟೇ, ಅಂದರೆ ಏಳೂವರೆ ಚದರ ‘ಪುರುಷ’ (ಕೈಯೆತ್ತಿ ನಿಂತ ಮನುಷ್ಯನ ಎತ್ತರದ ಅಳತೆ) ವಿಸ್ತೀರ್ಣ. ಹೀಗಾಗಿ ಚೌಕವನ್ನು ಅಷ್ಟೇ ವಿಸ್ತೀರ್ಣದ ವೃತ್ತವಾಗಿಸುವ ಸಮಸ್ಯೆ ಎದುರಾಯಿತು. ಬೌಧಾಯನನ ಉಪಾಯ ಇದು: ಚೌಕದ ನಡುವಿನಿಂದ ಮೂಲೆಗೆ ಹಗ್ಗ ಹಿಡಿದು ಅದನ್ನು ಪೂರ್ವಕ್ಕೆ ತಿರುಗಿಸಬೇಕು. ಬಾಹುವನ್ನು ದಾಟಿ ಹೊರಚಾಚಿದ ತುಂಡಿನಲ್ಲಿ ಮೂರನೇ ಒಂದು ಭಾಗವನ್ನಷ್ಟೇ ಒಳಗಿನ ಉದ್ದಕ್ಕೆ ಸೇರಿಸಿ, ಅದನ್ನೇ ತ್ರಿಜ್ಯವಾಗಿಟ್ಟುಕೊಂಡು ಸುತ್ತಬೇಕು. ಹೀಗೆ ಬರುವ ವೃತ್ತ ಚೌಕಕ್ಕಿಂತ ಶೇಕಡಾ 1.7ರಷ್ಟು ಮಾತ್ರ ದೊಡ್ಡದು; ಇಟ್ಟಿಗೆ ಜೋಡಿಸುವ ಕೆಲಸಕ್ಕೆ ಅದು ಧಾರಾಳ ಸಾಕು. ಗೂಟ, ಹಗ್ಗಗಳಿಂದ ಇದನ್ನು ಕೂದಲೆಳೆಯೂ ತಪ್ಪದಂತೆ ಮಾಡಲು ಸಾಧ್ಯವೇ ಇಲ್ಲವೆಂಬುದು ಖಚಿತವಾದದ್ದು 1882ರಲ್ಲಿ, ಜರ್ಮನಿಯ ಲಿಂಡೆಮನ್ ಅವರ ಸಾಧನೆಯಿಂದ. ಬೌಧಾಯನನ ಜಾಣ್ಮೆಯನ್ನು ತೂಗುವಾಗ ಇದು ನೆನಪಿನಲ್ಲಿರಬೇಕು.

ಮುಂದೆ ವೃತ್ತ ಜ್ಯೋತಿಷಿಗಳ ಕೈಗೆ ಬಂತು. ಗ್ರಹಗತಿಯ ಲೆಕ್ಕಕ್ಕೆ ಪರಿಧಿ–ವ್ಯಾಸಗಳ ಅನುಪಾತದ ಒರಟು ಬೆಲೆ ಸಾಲದು. 499ರ ಸುಮಾರಿಗೆ ಆರ್ಯಭಟ 20,000 ವ್ಯಾಸಕ್ಕೆ 62,832 ಪರಿಧಿ ಎಂದ, ಅನುಪಾತ 3.1416. ಇದು ಹತ್ತಿರದ ಬೆಲೆ ಮಾತ್ರ ಎಂದು ತಾನೇ ತಿಳಿಸಿದ್ದು ಅವನ ಹಿರಿಮೆ.

ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಜೈನ ಪರಂಪರೆಯಂತೆ ಅವನು ಒರಟು ಲೆಕ್ಕಕ್ಕೆ 3, ಸೂಕ್ಷ್ಮ ಲೆಕ್ಕಕ್ಕೆ 10ರ ವರ್ಗಮೂಲ ಬಳಸಿದ. ನಿಖರತೆಯಲ್ಲಿ ಇದು ಆರ್ಯಭಟನಿಗಿಂತ ಹಿಂದೆ. ಆದರೆ ನೀಳವಾದ ‘ಆಯತವೃತ್ತ’ದ ಲೆಕ್ಕಕ್ಕೂ ಕೈಹಾಕಿದ್ದು ಅವನ ವಿಶೇಷ. 1150ರ ‘ಲೀಲಾವತಿ’ಯಲ್ಲಿ ಭಾಸ್ಕರಾಚಾರ್ಯ ವ್ಯವಹಾರಕ್ಕೆ 22/7, ಸೂಕ್ಷ್ಮಕ್ಕೆ 3927/1250 ಕೊಟ್ಟ, ಎರಡನೆಯದು ಆರ್ಯಭಟನ ಬೆಲೆಯೇ.

ದೊಡ್ಡ ಜಿಗಿತ ಕೇರಳದ್ದು. 14ನೇ ಶತಮಾನದ ಸಂಗಮಗ್ರಾಮದ ಮಾಧವನಿಗೆ ಅವನ ಶಿಷ್ಯಪರಂಪರೆ ಒಂದು ಅನಂತ ಶ್ರೇಣಿಯ ಕೀರ್ತಿ ಸಲ್ಲಿಸುತ್ತದೆ: 1ರಿಂದ 1/3 ಕಳೆದು, 1/5 ಕೂಡಿ, 1/7 ಕಳೆದು, ಹೀಗೆ ಕೊನೆಯಿಲ್ಲದೆ ಸಾಗಿದರೆ ಪರಿಧಿ–ವ್ಯಾಸಗಳ ಅನುಪಾತದ ಕಾಲುಭಾಗ ದೊರೆಯುತ್ತದೆ. ಆ ಅನುಪಾತಕ್ಕೆ ಅವನು ಕೊಟ್ಟ ಬೆಲೆ 3.14159265359ಕ್ಕೆ ಸಮ. ಶ್ರೇಣಿಯ ಉಪಪತ್ತಿಯನ್ನು 16ನೇ ಶತಮಾನದಲ್ಲಿ ಜ್ಯೇಷ್ಠದೇವ ‘ಯುಕ್ತಿಭಾಷಾ’ದಲ್ಲಿ ಮಲಯಾಳಂನಲ್ಲೇ ವಿವರಿಸಿದ. ಯೂರೋಪಿನಲ್ಲಿ ಲೈಬ್ನಿಟ್ಸ್ ಇದೇ ಶ್ರೇಣಿಯನ್ನು ಕಂಡುಕೊಂಡದ್ದು 1670ರ ದಶಕದಲ್ಲಿ. ನಮ್ಮ ಪಠ್ಯಪುಸ್ತಕಗಳು ಇದನ್ನು ಮಾಧವ–ಲೈಬ್ನಿಟ್ಸ್ ಶ್ರೇಣಿ ಎಂದೇ ಕಲಿಸುವುದು ನ್ಯಾಯ.